ಎತ್ತಿನ ಹಲ್ಲು, ಬೆಕ್ಕಿನ ಹಲ್ಲು

ನಮ್ಮ ಸೀಮೆಯ ರೈತರಿಗೆ ಹಲ್ಲಿನ ಶಾಸ್ತ್ರವನ್ನು ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಮಳವಳ್ಳಿಗೆ ದೂರವಲ್ಲದ ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಬಾಯಿ ಬಿಡಿಸಿ ನೋಡದೆ ವ್ಯಾಪಾರ ಕುದುರುತ್ತಿರಲಿಲ್ಲ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದರೆ ಎರಡು, ಎರಡೂವರೆ ವರ್ಷ. ಕೆಳದವಡೆಯ ಮುಂದಿನ ಎಂಟೂ ಬಂದರೆ ಬಾಯಿಗೂಡಿತೆಂದು ಲೆಕ್ಕ.

ಅದೇ ರೈತನ ಮನೆಯ ಬೆಕ್ಕಿನ ಬಾಯನ್ನು ಬಿಡಿಸಿ ನೋಡಿದವರನ್ನು ಮಾತ್ರ ನಾನು ಕಂಡಿಲ್ಲ. ಕಣಜದ ಕಾಳು ಉಳಿಯುತ್ತಿದ್ದುದಾದರೋ ಆ ಬಾಯಿಂದಲೇ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಹರಿದ ಮೇಲೆ ರಾಗಿಯ ಹೊಲಗಳ ನಡುವೆ ಭತ್ತದ ಗದ್ದೆ, ಕಬ್ಬಿನ ಗದ್ದೆಗಳು ಹಬ್ಬಿದವು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆಯೂ ಬಂತು. ಭತ್ತ, ಕಬ್ಬು ಎರಡೂ ಇಲಿಗೆ ಪ್ರಿಯ. ಬೆಕ್ಕಿಲ್ಲದೆ ಮನೆ ನಡೆಯುವಂತಿರಲಿಲ್ಲ.

ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಹಲ್ಲಿನ ರೋಗ ಬಾರದೆಂಬ ನಂಬಿಕೆ ಹಲವರದು. ಅದು ಅರ್ಧಸತ್ಯ. ಹಿಂದೂ ಮಹಾಸಾಗರದ ದಕ್ಷಿಣದಂಚಿನ ಮೇರಿಯನ್ ದ್ವೀಪದಲ್ಲಿ ಹಕ್ಕಿಗಳನ್ನು ಬೇಟೆಯಾಡಿ ಬದುಕುತ್ತಿದ್ದ, ಕಾಡುಪಾಲಾದ ಬೆಕ್ಕುಗಳ ತಲೆಬುರುಡೆಗಳನ್ನು ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಹಲ್ಲಿನ ಮೇಲೆ ಗಟ್ಟಿಗೊಂಡ ಪಾಚಿ ಕಡಿಮೆಯಿತ್ತು. ಹಲ್ಲಿನ ಬುಡದ ರೋಗ ಮಾತ್ರ ಧಾರಾಳವಾಗಿತ್ತು. ಹಾಗಾದರೆ ಹಾಲು ಅನ್ನ ತಿಂದು ಜಗಲಿಯಲ್ಲಿ ಮಲಗುವ ನಮ್ಮ ಬೆಕ್ಕುಗಳ ಗತಿಯೇನು?

ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಆದರೂ ನಮ್ಮ ಹಳ್ಳಿಗಳಲ್ಲಿ ಪಶುವೈದ್ಯರ ಗಮನವೆಲ್ಲ ಹಸು, ಎಮ್ಮೆ, ಬಂಡೂರು ಕುರಿಗಳ ಮೇಲಿತ್ತು. ಅದನ್ನು ತಪ್ಪೆನ್ನಲಾರೆ, ಸಂಸಾರ ಸಾಗುತ್ತಿದ್ದುದೇ ಅವುಗಳಿಂದ. ಅಮೆರಿಕದಲ್ಲೂ ಪ್ರಾಣಿಗಳ ದಂತವೈದ್ಯಕ್ಕೆ ಪ್ರತ್ಯೇಕ ಶಾಖೆಯೆಂಬ ಮನ್ನಣೆ ದೊರೆತದ್ದು 1988ರಲ್ಲಷ್ಟೇ.

ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು, ಹಾಲು ಕಂಡರೆ ಓಡುತ್ತಿದ್ದ ಕಥೆಗೆ ನನ್ನ ತರಗತಿಯಲ್ಲಿ ನೀವೆಲ್ಲ ನಕ್ಕವರೇ. ಬಾಯಿ ನೊಂದ ಬೆಕ್ಕು ನಿಜಕ್ಕೂ ಹಾಗೆಯೇ ಮಾಡುತ್ತದೆ. ಕೂಗಿ ಹೇಳುವುದಿಲ್ಲ, ತಟ್ಟೆಯ ಬಳಿ ಬಂದು ಹಿಂದೆ ಸರಿಯುತ್ತದೆ, ಒಂದೇ ಮಗ್ಗುಲಲ್ಲಿ ಅಗಿಯುತ್ತದೆ, ಜೊಲ್ಲು ಸುರಿಸುತ್ತದೆ. ಬಾಯಿ ನಾರುವುದು ಬೆಕ್ಕಿನ ಸಹಜಗುಣವಲ್ಲ. ತುಟಿಯನ್ನು ಮೆಲ್ಲನೆ ಎತ್ತಿ ನೋಡಿ: ಇರಬೇಕಾದವು ಮೂವತ್ತು ಹಲ್ಲು. ವಸಡಿನಂಚು ಕೆಂಪಗಿದ್ದರೆ ವೈದ್ಯರ ಬಳಿ ಒಯ್ಯಿರಿ. ಅರಿವಳಿಕೆ ಕೊಟ್ಟು ಅವರು ಪಾಚಿ ತೆಗೆಯುತ್ತಾರೆ. ಮರಿಯಾಗಿದ್ದಾಗಲೇ ರೂಢಿ ಮಾಡಿಸಿದರೆ ಮೆದುವಾದ ಬ್ರಷ್‌ನಿಂದ ದಿನವೂ ಉಜ್ಜಬಹುದು. ನಮ್ಮ ಟೂತ್‌ಪೇಸ್ಟ್ ಬೇಡ, ಬೆಕ್ಕು ಅದನ್ನು ಉಗುಳದೆ ನುಂಗಿಬಿಡುತ್ತದೆ. ನೋವೆಂದು ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ. ಆ ಔಷಧಿಯನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.