ದೂರದ ಫೋಲ್ಡರ್ ಬಾಗಿಲು ತೆರೆಯದಿದ್ದರೆ: ಅನುಮತಿ ತೊಡಕಿಗೆ ಪರಿಹಾರಗಳು

ಬೆಂಗಳೂರು: ಇಂದಿರಾನಗರದ ಕಚೇರಿಯಲ್ಲಿರುವ ಫೋಲ್ಡರ್ ಒಂದನ್ನು ಕೆ.ಆರ್. ಪುರದ ಮನೆಯ ಕಂಪ್ಯೂಟರ್‌ಗೆ ಜೋಡಿಸಿಕೊಂಡು, ಅದು ಸ್ವಂತ ಡಿಸ್ಕ್‌ನಲ್ಲೇ ಇದೆಯೇನೋ ಎಂಬಂತೆ ಕೆಲಸ ಮಾಡುವುದು ಸಣ್ಣ ಕಚೇರಿಗಳಿಗೂ ಈಗ ರೂಢಿಯಾಗಿದೆ. ಹೀಗೆ ಜೋಡಿಸುವುದಕ್ಕೆ ‘ಮೌಂಟ್’ ಎನ್ನುತ್ತಾರೆ. ಆದರೆ ಫೋಲ್ಡರ್ ಕಾಣಿಸಿದರೂ, ಕಡತಗಳ ಹೆಸರುಗಳು ಕಾಣಿಸಿದರೂ, ತೆರೆಯಲು ಅಥವಾ ಉಳಿಸಲು ಹೊರಟಾಗ ‘ಪರ್ಮಿಶನ್ ಡಿನೈಡ್’ ಎಂಬ ಉತ್ತರ ಬರುವುದು ಬಹುಮಂದಿಯ ಅನುಭವ.

ಇಂತಹ ಸಂದರ್ಭದಲ್ಲಿ ಸುಲಭವಾಗಿ ಸಿಗುವ ಸಲಹೆಯೆಂದರೆ ‘ಚ್‌ಮಾಡ್ 777’. ಅಂದರೆ ಒಡೆಯ, ಗುಂಪು, ಇತರರು ಎಂಬ ಮೂವರಿಗೂ ಓದುವ (4), ಬರೆಯುವ (2), ಪ್ರವೇಶಿಸುವ (1) ಹಕ್ಕನ್ನು ಒಟ್ಟಾಗಿ ಕೊಟ್ಟುಬಿಡುವುದು. ದೋಷ ಮಾಯವಾಗಬಹುದು, ಬಾಗಿಲ ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆಯೂ ಆಗುತ್ತದೆ. ಲೆಕ್ಕಪರಿಶೋಧಕರ ಫೋಲ್ಡರ್‌ನಲ್ಲಿ ಗ್ರಾಹಕರ ಪ್ಯಾನ್ ಮತ್ತು ಆಧಾರ್ ಪ್ರತಿಗಳಿದ್ದರೆ ಇದು ಬರೀ ಅಶಿಸ್ತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಭದ್ರತಾ ಕ್ರಮಗಳ ಹೊಣೆಯನ್ನು ದತ್ತಾಂಶ ಬಳಸುವವರ ಮೇಲೆಯೇ ಹೊರಿಸಿದ್ದು, ತಪ್ಪಿದಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗುವಂತೆ ರೂಪಿತವಾಗಿವೆ.

ಹೆಸರಲ್ಲ, ಸಂಖ್ಯೆ

ತೊಡಕಿನ ಮೂಲ ಬಹುತೇಕ ಫೋಲ್ಡರ್‌ನಲ್ಲಿಲ್ಲ. ಬಳಕೆದಾರ ಯಾರೆಂದು ಆಚೆಯ ಯಂತ್ರ ತಿಳಿದಿದೆ ಎಂಬುದರಲ್ಲಿದೆ. ಲಿನಕ್ಸ್ ವ್ಯವಸ್ಥೆ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ‘ಯುಐಡಿ’ ಎಂಬ ಸಂಖ್ಯೆಯಿಂದ. ಉಬುಂಟುವಿನಲ್ಲಿ ಮೊದಲು ಸೃಷ್ಟಿಯಾದ ಖಾತೆಗೆ 1000, ಎರಡನೆಯದಕ್ಕೆ 1001 ದೊರೆಯುತ್ತದೆ. ಆ್ಯಪಲ್ ಮ್ಯಾಕ್‌ನಲ್ಲಿ ಎಣಿಕೆ ಆರಂಭವಾಗುವುದೇ 501ರಿಂದ. ಹಲಸೂರಿನಲ್ಲೂ 12ನೇ ನಂಬರಿನ ಮನೆಯಿದೆ, ಶಿವಾಜಿನಗರದಲ್ಲೂ ಇದೆ. ಬಡಾವಣೆಯ ಹೆಸರಿಲ್ಲದೆ ಬರೀ ನಂಬರು ನೋಡಿ ಪತ್ರ ಹಂಚಿದರೆ ಆಗುವ ಗೊಂದಲವೇ ಇಲ್ಲಿಯೂ ಆಗುತ್ತದೆ. ಎರಡೂ ಯಂತ್ರಗಳಲ್ಲಿ ‘ಐಡಿ’ ಎಂಬ ಎರಡಕ್ಷರದ ಆಜ್ಞೆ ನೀಡಿ ಸಂಖ್ಯೆಗಳನ್ನು ಹೋಲಿಸುವುದು ಪರಿಹಾರದ ಮೊದಲ ಹೆಜ್ಜೆ.

ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವುದು ಎನ್‌ಎಫ್‌ಎಸ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಈ ವಿಧಾನದ ಸಾಮಾನ್ಯ ಬಳಕೆಯಲ್ಲಿ, 1000 ಎಂದು ಬಂದವರಿಗೆಲ್ಲ ಸರ್ವರ್ ತನ್ನ 1000ನೇ ಬಳಕೆದಾರನ ಹಕ್ಕನ್ನೇ ಕೊಡುತ್ತದೆ. ಆದ್ದರಿಂದ ಕಚೇರಿಯ ಎಲ್ಲ ಯಂತ್ರಗಳಲ್ಲೂ ಒಬ್ಬ ನೌಕರನಿಗೆ ಒಂದೇ ಸಂಖ್ಯೆ ಇರಬೇಕು. ‘ರೂಟ್’ ಆಗಿ ಹೋದರೂ ಬರೆಯಲು ಆಗುತ್ತಿಲ್ಲವೆಂಬ ದೂರು ಇನ್ನೊಂದು. ಅದು ದೋಷವಲ್ಲ, ದೂರದ ರೂಟ್‌ನನ್ನು ಸರ್ವರ್ ಹಕ್ಕಿಲ್ಲದ ‘ನೋಬಡಿ’ ಆಗಿ ಇಳಿಸುವ ಕಾವಲು. ಅದನ್ನು ತೆಗೆಯದಿರುವುದೇ ಲೇಸು.

ಕಚೇರಿಯಲ್ಲಿ ವಿಂಡೋಸ್ ಯಂತ್ರವೂ ಇದ್ದರೆ ಸಾಂಬಾ ಬಳಕೆಯಾಗುತ್ತದೆ. ವಿಂಡೋಸ್‌ನ ಫೋಲ್ಡರನ್ನು ಲಿನಕ್ಸ್‌ಗೆ ಮೌಂಟ್ ಮಾಡಿದಾಗ ಕಡತಗಳೆಲ್ಲ ರೂಟ್‌ಗೆ ಸೇರಿದಂತೆ ತೋರುತ್ತವೆ, ಓದಬಹುದು, ಬರೆಯಲಾಗದು. ಇಲ್ಲಿ ಚ್‌ಮಾಡ್ ಆಜ್ಞೆಯಿಂದ ಪ್ರಯೋಜನವಿಲ್ಲ. ಮೌಂಟ್ ಮಾಡುವಾಗಲೇ ‘ಯುಐಡಿ’ ಮತ್ತು ‘ಜಿಐಡಿ’ ಆಯ್ಕೆಗಳಲ್ಲಿ ಸ್ವಂತ ಸಂಖ್ಯೆಗಳನ್ನು ನಮೂದಿಸಬೇಕು. ವಿಂಡೋಸ್ ಕಡೆಯಲ್ಲಿ ಹಂಚಿಕೆಯ ಅನುಮತಿ ಬೇರೆ, ಡಿಸ್ಕ್‌ನ ಅನುಮತಿ ಬೇರೆ; ಎರಡರಲ್ಲಿ ಹೆಚ್ಚು ಬಿಗಿಯಾದದ್ದೇ ನಡೆಯುತ್ತದೆ. ಗುಪ್ತಪದವನ್ನು ಪ್ರತ್ಯೇಕ ಕಡತದಲ್ಲಿಟ್ಟು ಅದಕ್ಕೆ 600 ಅನುಮತಿ ಕೊಡುವುದು ಕ್ಷೇಮ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬಂದ ಬಳಿಕ ಹಳೆಯ ಸಂಗ್ರಹ ಪೆಟ್ಟಿಗೆಗಳು ತೆರೆಯದಿದ್ದರೆ ಕಾರಣ ಬೇರೆ: ಅತಿಥಿ ಪ್ರವೇಶವನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮನೆಯಿಂದ ಅಂತರ್ಜಾಲದ ಮೂಲಕ ಜೋಡಿಸಿಕೊಳ್ಳುವವರಿಗೆ ಇವೆರಡಕ್ಕಿಂತ ಎಸ್‌ಎಸ್‌ಎಚ್‌ಎಫ್‌ಎಸ್ ಸುರಕ್ಷಿತ. ಇದು ‘ಫ್ಯೂಸ್’ ಎಂಬ ತಂತ್ರವನ್ನು ಆಧರಿಸಿದೆ. ಬೆಂಗಳೂರಿನ ಇಂಜಿನಿಯರುಗಳ ಕೈವಾಡ ದೊಡ್ಡದಾಗಿದ್ದ ಗ್ಲಸ್ಟರ್ ಕಡತ ವ್ಯವಸ್ಥೆಯೂ ಫ್ಯೂಸ್ ಮೇಲೆಯೇ ನಿಂತದ್ದು. ಆ ಕಂಪನಿಯನ್ನು 2011ರಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್‌ಗೆ ಕೊಂಡಿತು.

ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಿ ಕೊನೆಯ ಮಾತು ಆಚೆಯ ಯಂತ್ರದ್ದು. ಯಾವ ಖಾತೆಯಿಂದ ಲಾಗಿನ್ ಆಗಿದೆಯೋ ಆ ಖಾತೆಗೆ ಅಲ್ಲಿ ಹಕ್ಕಿಲ್ಲದಿದ್ದರೆ ಈಚೆ ಏನು ಮಾಡಿದರೂ ವ್ಯರ್ಥ. ಇನ್ನೊಂದು ಸಾಮಾನ್ಯ ತಪ್ಪೆಂದರೆ ‘ಸುಡೊ’ ಸೇರಿಸಿ ಮೌಂಟ್ ಮಾಡುವುದು. ಆಗ ಫೋಲ್ಡರ್ ರೂಟ್‌ನ ಸ್ವತ್ತಾಗಿ, ಜೋಡಿಸಿದವರಿಗೇ ಪ್ರವೇಶ ತಪ್ಪುತ್ತದೆ. ಸುಡೊ ಇಲ್ಲದೆ, ತಮ್ಮದೇ ಒಡೆತನದ ಖಾಲಿ ಫೋಲ್ಡರ್‌ಗೆ ಜೋಡಿಸಬೇಕು.

ಕಾಣದ ಬ್ಯಾಕಪ್

ಹೆಚ್ಚು ನಷ್ಟ ತರಬಲ್ಲದ್ದು ಇದರ ತಿರುವುಮುರುವು. ಫ್ಯೂಸ್ ಮೂಲಕ ಒಬ್ಬರು ಜೋಡಿಸಿದ ಫೋಲ್ಡರ್ ಬೇರೆಯವರಿಗಿರಲಿ, ರೂಟ್‌ಗೂ ತೆರೆಯದು. ರಾತ್ರಿ ರೂಟ್ ಹೆಸರಿನಲ್ಲಿ ಓಡುವ ಬ್ಯಾಕಪ್ ಆ ಫೋಲ್ಡರನ್ನು ಬಿಟ್ಟು ಮುಂದೆ ಸಾಗುತ್ತದೆ. ದೋಷ ದಾಖಲೆಯನ್ನು ಯಾರೂ ನೋಡದಿದ್ದರೆ, ಪ್ರತಿ ಉಳಿದಿಲ್ಲವೆಂಬುದು ತಿಳಿಯುವುದು ಮೂಲ ಡಿಸ್ಕ್ ಕೈಕೊಟ್ಟ ದಿನವೇ. ‘ಅಲೋ ರೂಟ್’ ಅಥವಾ ‘ಅಲೋ ಅದರ್’ ಆಯ್ಕೆಯನ್ನು (ಎರಡು ಪದಗಳ ನಡುವೆ ಅಡಿಗೆರೆ ಇರಬೇಕು) ಮೌಂಟ್ ಆಜ್ಞೆಗೆ ಸೇರಿಸುವುದು ಇದಕ್ಕೆ ಪರಿಹಾರ. ಅದಕ್ಕೂ ಮೊದಲು ‘ಇಟಿಸಿ’ಯಲ್ಲಿನ ಫ್ಯೂಸ್ ಸಂರಚನಾ ಕಡತದಲ್ಲಿ ‘ಯೂಸರ್ ಅಲೋ ಅದರ್’ ಸಾಲಿನ ಮುಂದಿರುವ # ಚಿಹ್ನೆಯನ್ನು ಅಳಿಸಬೇಕು.

ಕಡತದ ಅನುಮತಿ ಸರಿಯಿದ್ದೂ ತೆರೆಯದಿದ್ದರೆ ಮೇಲಿನ ಫೋಲ್ಡರ್‌ಗಳತ್ತ ನೋಡಬೇಕು. ದಾರಿಯಲ್ಲಿನ ಪ್ರತಿಯೊಂದು ಫೋಲ್ಡರ್‌ಗೂ ಪ್ರವೇಶದ ಹಕ್ಕು ಅಗತ್ಯ. ಉಬುಂಟು 21.04ರಿಂದ ಹೊಸ ಖಾತೆಯ ಹೋಮ್ ಫೋಲ್ಡರ್‌ಗೆ 750 ಅನುಮತಿ ಮಾತ್ರ ಇರುವುದರಿಂದ, ಅದರೊಳಗಿನ ಹಂಚಿಕೆ ಇತರರಿಗೆ ಎಟುಕುವುದಿಲ್ಲ. ಹಂಚಿಕೆಗೆ ಹೋಮ್‌ನ ಹೊರಗೆ ಬೇರೆ ಫೋಲ್ಡರ್ ಮಾಡಿ, ನೌಕರರನ್ನು ಒಂದು ಗುಂಪಿಗೆ ಸೇರಿಸಿ, ಫೋಲ್ಡರ್‌ಗೆ 2770 ಕೊಟ್ಟರೆ 777ರ ಗೊಡವೆಯೇ ಬೇಡ. ಮುಂದಿನ 2ರ ಕಾರಣದಿಂದ ಹೊಸ ಕಡತಗಳೂ ಅದೇ ಗುಂಪಿಗೆ ಸೇರುತ್ತವೆ. ಗುಂಪಿಗೆ ಸೇರಿಸಿದ ಬಳಿಕ ಒಮ್ಮೆ ಲಾಗ್‌ಔಟ್ ಆಗಿ ಬರುವುದನ್ನು ಹಲವರು ಮರೆಯುತ್ತಾರೆ. ಫೆಡೋರಾ ಬಳಸುವವರು ಎಸ್‌ಇಲಿನಕ್ಸ್ ಎಂಬ ಎರಡನೇ ಕಾವಲನ್ನೂ ಪರಿಶೀಲಿಸಬೇಕು.

ಮುಂಗಾರು ಪೂರ್ವ ಮಳೆಗೆ ವಿದ್ಯುತ್ ಹೋಗಿ ಸಂಪರ್ಕ ಕಡಿದಾಗ ಮೌಂಟ್ ಕಳಚುವುದುಂಟು. ಆಗ ಉಳಿಯುವುದು ಖಾಲಿ ಸ್ಥಳೀಯ ಫೋಲ್ಡರ್. ಅನುಮತಿಯ ತಕರಾರೇ ಇಲ್ಲದೆ ಕಡತಗಳು ಅದರೊಳಗೆ ಉಳಿಯುತ್ತವೆ, ಮರಳಿ ಜೋಡಿಸಿದಾಗ ಮರೆಯಾಗುತ್ತವೆ. ಅವು ಅಳಿದಿರುವುದಿಲ್ಲ. ಮೌಂಟ್ ತೆಗೆದು ನೋಡಿದರೆ ಅಲ್ಲಿಯೇ ಸಿಗುತ್ತವೆ.