ಸಂತೆಯ ಕೊಸರು

ಸಂತೆಯಲ್ಲಿ ಸೊಪ್ಪು, ತರಕಾರಿ, ಹೂವು ಕೊಂಡವರಿಗೆಲ್ಲ ‘ಕೊಸರು’ ಎಂಬ ಮಾತು ಗೊತ್ತು. ಅಳತೆ ಮುಗಿದು, ಹಣ ಎಣಿಸಿ ಕೊಟ್ಟ ಮೇಲೆ, ಮಾರುವಾಕೆ ತಾನಾಗಿಯೇ ನಮ್ಮ ಚೀಲಕ್ಕೆ ಹಾಕುವ ಇನ್ನೊಂದು ಹಿಡಿ ಅದು. ಲೆಕ್ಕಕ್ಕೆ ಸೇರದ, ಆದರೆ ಮನಸ್ಸನ್ನು ತುಂಬುವ ಪಾಲು. ನಮ್ಮ ನಾಡಿನ ಸಂತೆಗಳ ಚರಿತ್ರೆಯನ್ನು ನೆನೆದಾಗಲೆಲ್ಲ, ಅವು ನಮ್ಮ ಕುಟುಂಬಗಳಿಗೂ ಇಂತಹುದೇ ಒಂದು ಕೊಸರನ್ನು ಕೊಡುತ್ತ ಬಂದಿವೆ ಎಂದು ನನಗೆ ಅನ್ನಿಸುತ್ತದೆ.

ಸಂತೆ ನಮ್ಮಲ್ಲಿ ಬಹಳ ಹಳೆಯದು. 12ನೆಯ ಶತಮಾನದ ಅಕ್ಕಮಹಾದೇವಿ ಲೋಕದ ನಡುವಿನ ಬಾಳಿಗೆ ಸಂತೆಯ ಗದ್ದಲವನ್ನೇ ಉಪಮೆಯಾಗಿ ಬಳಸಿದ್ದಾಳೆ. ಸಂತೇಬೆನ್ನೂರು, ಸಂತೇಮರಹಳ್ಳಿ, ಸಂತೇಬಾಚಹಳ್ಳಿ, ಸಂತೆಕಟ್ಟೆ ಮೊದಲಾದ ಊರುಗಳು ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿವೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಬೀದಿಗಳಲ್ಲಿ ನಡೆಯುತ್ತಿದ್ದ ರತ್ನ, ವಜ್ರಗಳ ವ್ಯಾಪಾರವನ್ನು ವರ್ಣಿಸಿದ್ದಾನೆ. ಜೊತೆಗೆ ಶುಕ್ರವಾರದ ಸಂತೆಯನ್ನೂ ಆತ ಮರೆತಿಲ್ಲ. ಕೋಳಿಗಳು, ಹಂದಿಗಳು, ಕಡಲ ಕಡೆಯಿಂದ ಬಂದ ಒಣಮೀನು, ಆ ಸೀಮೆಯ ಬೆಳೆಗಳು ಅಲ್ಲಿ ಮಾರಾಟವಾಗುತ್ತಿದ್ದವು. ಪಟ್ಟಣದ ಬೇರೆ ಬೇರೆ ಭಾಗಗಳಲ್ಲಿ ದಿನವೂ ಸಂತೆ ನೆರೆಯುತ್ತಿತ್ತು. ರಾಜಧಾನಿಯ ವೈಭವ ಎಷ್ಟೇ ಇರಲಿ, ಮನೆಯ ಒಲೆ ಹತ್ತಿದ್ದು ಇಂತಹ ಸಣ್ಣ ವ್ಯಾಪಾರದಿಂದಲೇ.

ಹಳ್ಳಿಗಾಡಿನ ಸಂತೆಗಳಿಗೆ ತಮ್ಮದೇ ಆದ ಒಂದು ಪಂಚಾಂಗವಿತ್ತು. ಒಂದು ಊರಿನಲ್ಲಿ ಸೋಮವಾರ, ನೆರೆಯ ಊರಿನಲ್ಲಿ ಮಂಗಳವಾರ, ಅದರಾಚೆ ಗುರುವಾರ. ಬಳೆಗಾರರೂ ಬಟ್ಟೆಯ ವ್ಯಾಪಾರಿಗಳೂ ವಾರವಿಡೀ ಸಂತೆಯಿಂದ ಸಂತೆಗೆ ಸುತ್ತುತ್ತಿದ್ದರು. ರೈತ ಕುಟುಂಬವಾದರೋ, ನಡೆದು ಹೋಗಿ ಸಂಜೆಯೊಳಗೆ ಮರಳಬಹುದಾದ ಒಂದು ಸಂತೆಯನ್ನು ತನ್ನದೆಂದು ತಿಳಿಯುತ್ತಿತ್ತು. ಆ ಸಂತೆಗೆ ಬರುವ ಹಳ್ಳಿಗಳ ನಡುವೆಯೇ ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಎಷ್ಟೋ ವೇಳೆ ಕುದುರುತ್ತಿದ್ದವು. ಆದುದರಿಂದ ಮದುವೆಯಾಗಿ ಹೋದ ಮಗಳಿಗೆ ಸಂತೆಯ ದಿನವೆಂದರೆ ತವರಿನವರ ಮುಖ ಕಾಣುವ ದಿನ. ತಾಯಿಯ ಕಾಯಿಲೆ, ತಮ್ಮನ ಮದುವೆಯ ಮಾತುಕತೆ, ಹಸು ಕರು ಹಾಕಿದ ಸುದ್ದಿ, ಎಲ್ಲವೂ ಉಪ್ಪು ಮೆಣಸಿನಕಾಯಿಗಳ ಜೊತೆಗೇ ಮನೆ ಸೇರುತ್ತಿದ್ದವು.

ನನ್ನ ಅಜ್ಜಿಗೆ ಸೇರು, ಪಾವು, ಚಟಾಕುಗಳ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು, ರೂಪಾಯಿಗೆ 16 ಆಣೆ ಎಂಬ ಎಣಿಕೆ ಹೋಗಿ 100 ಪೈಸೆಯಾಯಿತು. ಮುಂದೆ ಸೇರಿನ ಜಾಗಕ್ಕೆ ಕಿಲೋ ಬಂದಿತು. ಅಜ್ಜಿ ಹೊಸ ಲೆಕ್ಕವನ್ನೂ ಕಲಿತರು. ಕೊಸರಿಗೆ ಮಾತ್ರ ಹಳೆಯ ಅಳತೆಯೂ ಇರಲಿಲ್ಲ, ಹೊಸದೂ ಬರಲಿಲ್ಲ.

ಹಿತ್ತಲಲ್ಲಿಯೇ ಬೇಕಾದಷ್ಟು ಸೊಪ್ಪು ಇರುವಾಗ ಅಜ್ಜಿ ವಾರ ತಪ್ಪದೆ ಸಂತೆಗೆ ಏಕೆ ಹೋಗುತ್ತಾರೆಂಬುದು ಬಾಲ್ಯದಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲ. ಬೇರೆ ಊರಿಗೆ ಕೊಟ್ಟಿದ್ದ ಅವರ ತಂಗಿಯೂ ಅಲ್ಲಿಗೆ ಬರುತ್ತಿದ್ದರು. ಇಬ್ಬರೂ ಒಬ್ಬಳೇ ಸೊಪ್ಪಿನವಳ ಬಳಿ ವ್ಯಾಪಾರ ಮುಗಿಸಿ, ಹೊಂಗೆಯ ನೆರಳಿನಲ್ಲಿ ಕುಳಿತು, ಕಡಲೆಪುರಿ ಹಂಚಿಕೊಂಡು ಮಾತನಾಡುತ್ತಿದ್ದರು. ತಂಗಿ ತೀರಿಕೊಂಡ ಬಳಿಕವೂ ಅಜ್ಜಿ ಸಂತೆಗೆ ಹೋದರು, ನಾನೂ ಜೊತೆಯಲ್ಲಿದ್ದೆ. ಸೊಪ್ಪಿನವಳು ಎಂದಿನಂತೆ ಒಂದು ಹಿಡಿ ಕೊಸರು ಹಾಕಿದಳು. ಆಮೇಲೆ ಇನ್ನೊಂದು ಹಿಡಿ ಹಾಕಿ, “ತಗೊಳ್ಳವ್ವ, ಇದು ನಿನ್ನ ತಂಗಿ ಪಾಲು” ಎಂದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂತೆ ಏಕೆ ಬೇಕೆಂದು ಅಂದು ನನಗೆ ತಿಳಿಯಿತು.

ಯೇಸುಸ್ವಾಮಿಯೂ ಪೇಟೆಯ ಬೆಲೆಗಳನ್ನು ಬಲ್ಲವರಾಗಿದ್ದರು. ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿಗಳು. ಲೂಕನ ಶುಭಸಂದೇಶದಲ್ಲಿ ಎರಡು ಕಾಸಿಗೆ ಐದು. ಲೆಕ್ಕದ ಪ್ರಕಾರ ನಾಲ್ಕಾಗಬೇಕಿತ್ತು, ಐದನೆಯದು ಕೊಸರು. ಬೆಲೆಯೇ ಇಲ್ಲದ ಆ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲವೆಂಬುದು ಅವರ ಬೋಧನೆ.

ಇಂದು ಫೋನಿನ ಮೇಲೆ ಬೆರಳಾಡಿಸಿದರೆ ತರಕಾರಿ ಮನೆಬಾಗಿಲಿಗೆ ಬರುತ್ತದೆ. ವಯಸ್ಸಾದವರಿಗೂ ಕಾಯಿಲೆಯವರಿಗೂ ಅದರಿಂದ ಉಪಕಾರವಿದೆ, ಹಳಿಯಬೇಕಾಗಿಲ್ಲ. ಅಲ್ಲಿ ತೂಕ ಸರಿಯಾಗಿಯೇ ಇರುತ್ತದೆ, ಕೊಸರು ಮಾತ್ರ ಇರುವುದಿಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ವಾರದ ಸಂತೆ ಇನ್ನೂ ನೆರೆಯುತ್ತಿದೆ. ಈ ವಾರ ಮಕ್ಕಳ ಕೈಗೊಂದು ಚೀಲ ಕೊಟ್ಟು, ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು, ಒಮ್ಮೆ ಹೋಗಿ ಬರೋಣ. ಕೊಳ್ಳುವುದು ಒಂದು ಕಟ್ಟು ಸೊಪ್ಪೇ ಆದರೂ ಸಾಕು.