160 ಮತ್ತು 155: ಡಿಸ್ಕಿನ ವೇಗ, ಫೈಬರಿನ ವೇಗ

ಇವತ್ತಿನ ಮಾತು ನಾನೇ ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತೆ.

ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತು. ಹಳೇ ಸರ್ವರಿನಲ್ಲಿದ್ದ 2 ಟೆರಾಬೈಟ್ ಡೇಟಾವನ್ನು ಬೇರೆ ಊರಿನ ಡೇಟಾ ಸೆಂಟರಿಗೆ ಕಳಿಸಬೇಕಿತ್ತು. ಡಿಸ್ಕುಗಳು ಅಲ್ಟ್ರಾ 160 ಸ್ಕಸಿ. ಮಧ್ಯದ ಫೈಬರ್ ಲಿಂಕು ಎಸ್‌ಟಿಎಂ-1, ಅಂದರೆ 155. ಒಂದು ಕಡೆ 160, ಇನ್ನೊಂದು ಕಡೆ 155, ಒಳ್ಳೇ ಜೋಡಿ ಅಂದುಕೊಂಡು ಭಾಗಾಕಾರ ಮಾಡಿದೆ. ಶನಿವಾರ ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಎರಡು ಗಂಟೆಯೊಳಗೆ ಮುಗಿಯುತ್ತೆ ಅಂತ ಎಲ್ಲರಿಗೂ ಮೇಲ್ ಹಾಕಿದೆ. ಮುಗಿದದ್ದು ಸೋಮವಾರ ಬೆಳಗಿನ ಜಾವ. ಭಾನುವಾರವಿಡೀ ಆಫೀಸಿನಲ್ಲಿ ಕಾದು ಕೂತ ಸಪೋರ್ಟ್ ಟೀಮಿಗೆ ನಾನು ಎಷ್ಟು ವಡಾಪಾವ್ ಕೊಡಿಸಿದೆ ಅನ್ನೋದು ಬೇರೆ ಲೆಕ್ಕ.

160 ಮೆಗಾಬೈಟು, 155 ಮೆಗಾಬಿಟ್ಟು. ಗೊತ್ತಿರಲಿಲ್ಲ ಅಂತಲ್ಲ, ಪರೀಕ್ಷೆಯಲ್ಲೇ ಬರೆದಿದ್ದೆ. ಆದರೆ ಒಂದೇ ಡೇಟಾವನ್ನು ಈ ಇಬ್ಬರು ಯಾಕೆ ಬೇರೆ ಬೇರೆ ಎಣಿಸ್ತಾರೆ ಅಂತ ಆವತ್ತಿನವರೆಗೂ ಯೋಚಿಸಿರಲಿಲ್ಲ. ನಮ್ಮಜ್ಜಿ ರಾಗಿಯನ್ನು ಸೇರಿನಲ್ಲಿ ಅಳೆಯೋರು, ಸೊಸೈಟಿಯವರು ಕೆಜಿಯಲ್ಲಿ ತೂಗೋರು. ಹಾಗೇ ಇದು.

ಮೊದಲು ಡಿಸ್ಕಿನವರ ಕಥೆ. 1952ರ ಐಬಿಎಂ 726 ಟೇಪಿನಲ್ಲಿ ಏಳು ಟ್ರ್ಯಾಕುಗಳು ಪಕ್ಕಪಕ್ಕದಲ್ಲಿ ಓಡ್ತಿದ್ದವು. ಒಂದು ಅಕ್ಷರದ ಬಿಟ್ಟುಗಳೆಲ್ಲ ಒಟ್ಟಿಗೇ ಹೆಡ್ಡಿನ ಕೆಳಗೆ ಬರ್ತಿದ್ದವು. ವೇಗವನ್ನು ಹೇಳ್ತಿದ್ದದ್ದೂ ಹಾಗೇ: ಸೆಕೆಂಡಿಗೆ 7,500 ಅಕ್ಷರ. 1956ರಲ್ಲಿ ಬಂದ ಮೊದಲ ಹಾರ್ಡ್ ಡಿಸ್ಕ್ ರಾಮ್ಯಾಕ್‌ನ ವೇಗ 8,800 ಅಕ್ಷರ. ಕೊಳ್ಳುವವರು ಲೆಕ್ಕಪತ್ರ ಇಡೋ ಕಂಪನಿಗಳು, ಅವರಿಗೆ ಬೇಕಾಗಿದ್ದದ್ದು ಅಕ್ಷರಗಳ ಲೆಕ್ಕವೇ. ಬೈಟ್ ಅನ್ನೋ ಹೆಸರನ್ನು ಐಬಿಎಂನ ವರ್ನರ್ ಬುಕೋಲ್ಜ್ ಕೊಟ್ಟದ್ದು ಅದೇ 1956ರಲ್ಲಿ. ಅದು ಎಂಟೇ ಬಿಟ್ ಅಂತ ಗಟ್ಟಿಯಾಗಿ ಕೂತದ್ದು 1964ರ ಸಿಸ್ಟಮ್/360 ಬಂದ ಮೇಲೆ.

ಹಾಗಾಗಿ ರಾಮ್ಯಾಕ್‌ನ ವೇಗವನ್ನು ಸುಮ್ಮನೆ ಎಂಟರಿಂದ ಗುಣಿಸೋ ಹಾಗಿಲ್ಲ. ಅದರ ಅಕ್ಷರಕ್ಕೆ ಆರೇ ಬಿಟ್ಟು, ಪ್ಯಾರಿಟಿ ಬೇರೆ. 8,800 ಗುಣಿಸು 6 ಅಂದರೆ ಸೆಕೆಂಡಿಗೆ 52,800 ಬಿಟ್. ಈ ಸಂಖ್ಯೆ ನೆನಪಿರಲಿ.

ಆಮೇಲೆ ಬಂದ ಸ್ಕಸಿ ಕೂಡ ಪಕ್ಕಪಕ್ಕದ ತಂತಿಗಳ ವಂಶವೇ. 1986ರ ಮೊದಲ ಸ್ಟ್ಯಾಂಡರ್ಡಿನಲ್ಲಿ ಎಂಟು ಡೇಟಾ ತಂತಿ, ಸೆಕೆಂಡಿಗೆ 50 ಲಕ್ಷ ಸಲ, ಅಂದರೆ 5 ಮೆಗಾಬೈಟ್. ನನ್ನ ಅಲ್ಟ್ರಾ 160ರಲ್ಲಿ ಹದಿನಾರು ತಂತಿ, 8 ಕೋಟಿ ಸಲ.

ಟೆಲಿಫೋನಿನವರ ಹತ್ತಿರ ಇದ್ದದ್ದು ಒಂದು ಸಾಲು. ಬಿಟ್ಟುಗಳು ರೇಷನ್ ಕ್ಯೂ ಥರ ಒಂದರ ಹಿಂದೆ ಒಂದು. 4,000 ಹರ್ಟ್ಜ್‌ವರೆಗಿನ ಮಾತನ್ನು ಹಿಡಿಯೋಕೆ ಸೆಕೆಂಡಿಗೆ 8,000 ಸಲ ಅಳೆಯಬೇಕು, ಪ್ರತಿ ಅಳತೆಗೆ 8 ಬಿಟ್. ಒಟ್ಟು 64,000. ಅಂದರೆ ಆಳೆತ್ತರದ 50 ತಟ್ಟೆಗಳ ರಾಮ್ಯಾಕ್ ಪೂರ್ತಿ ಓಡಿದರೂ ಒಬ್ಬರ ಫೋನ್ ಮಾತಿನಷ್ಟು ಡೇಟಾ ಕೊಡ್ತಿರಲಿಲ್ಲ! ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನಾನೇ ಎರಡು ಸಲ ನೋಡಿಕೊಂಡೆ.

1980ರ ದಶಕದ ಕೊನೆಗೆ ಫೈಬರಿಗಾಗಿ ಸೋನೆಟ್, ಎಸ್‌ಡಿಎಚ್ ಮಾಡಿದವರು ಈ 8,000ವನ್ನು ಬಿಡಲಿಲ್ಲ. ಎಸ್‌ಟಿಎಂ-1ರ ಒಂದು ಫ್ರೇಮಿನಲ್ಲಿ 9 ಸಾಲು, 270 ಕಾಲಂ, ಒಟ್ಟು 2,430 ಬೈಟ್. ಅದು ಸೆಕೆಂಡಿಗೆ 8,000 ಸಲ ಹೋಗುತ್ತೆ. ಗುಣಿಸಿ ನೋಡಿ, 155.52 ಮೆಗಾಬಿಟ್. ನಾಲ್ಕರಿಂದ ಗುಣಿಸುತ್ತಾ ಹೋದರೆ 622.08, 2,488.32. ಈ ವಿಚಿತ್ರ ಸಂಖ್ಯೆಗಳ ಹೊಟ್ಟೆಯಲ್ಲಿರೋದು ಮನುಷ್ಯನ ಧ್ವನಿ. 270ರಲ್ಲಿ 10 ಕಾಲಂ ನಿರ್ವಹಣೆಗೆ ಹೋಗಿ ನಮಗೆ ಸಿಗೋದು 149.76 ಮೆಗಾಬಿಟ್, ಅಂದರೆ 18.72 ಮೆಗಾಬೈಟ್. 2 ಟೆರಾಬೈಟಿಗೆ ಹತ್ತಿರ ಹತ್ತಿರ 30 ಗಂಟೆ. ನನ್ನ ಸೋಮವಾರ ಬೆಳಗಿನ ಜಾವ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ಎರಡೂ ವಂಶ ಭೇಟಿಯಾದ ಕಡೆ ಲೆಕ್ಕ ಇನ್ನಷ್ಟು ಜಟಿಲ. 1990ರಲ್ಲಿ ಐಬಿಎಂ ತನ್ನ ದೊಡ್ಡ ಯಂತ್ರಗಳ ಡಿಸ್ಕುಗಳಿಗೆ ಫೈಬರ್ ಕೊಟ್ಟಿತು. ಹೆಸರು ಎಸ್ಕಾನ್ (ಇಸ್ಕಾನ್ ಅಲ್ಲ!). ಫೈಬರಿನ ಮೇಲೆ 200 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 25 ಬರಬೇಕು, ಕೈಗೆ ಸಿಗ್ತಿದ್ದದ್ದು 17 ಮೆಗಾಬೈಟ್. ಉಳಿದದ್ದು ಎಲ್ಲಿ ಹೋಯ್ತು? ಸತತವಾಗಿ ಸೊನ್ನೆಗಳೇ ಬಂದರೆ ಆ ಕಡೆಯವನಿಗೆ ಗಡಿಯಾರದ ತಾಳ ತಪ್ಪುತ್ತೆ. ಅದಕ್ಕೆ ಪ್ರತಿ 8 ಬಿಟ್ಟನ್ನೂ 10 ಬಿಟ್ ಮಾಡಿ ಕಳಿಸೋ ಉಪಾಯವನ್ನು ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ 1983ರಲ್ಲಿ ಪ್ರಕಟಿಸಿದ್ದರು. ಅದರಿಂದ 25 ಹೋಗಿ 20 ಆಯ್ತು. ಫ್ರೇಮಿನ ಖರ್ಚು ಕಳೆದು 17.

ಫೈಬರ್ ಚಾನೆಲ್ಲಿನದೂ ಇದೇ ಕಥೆ: ತಂತಿಯ ಮೇಲೆ 1,062.5 ಮೆಗಾಬಿಟ್, ಹೆಸರಿಗೆ 100 ಮೆಗಾಬೈಟ್. ಎಸ್‌ಡಿಎಚ್ ಒಳಗೆ ಹಾಕುವಾಗ ಆ ಹೆಚ್ಚಿನ ಬಿಟ್ಟುಗಳನ್ನು ತೆಗೆದರೆ 850 ಉಳಿಯುತ್ತೆ. 622ರಲ್ಲಿ ಹಿಡಿಸಲ್ಲ, 2,488 ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ದಂಡ. ಕೊನೆಗೆ 149.76ರ ಡಬ್ಬಿಗಳನ್ನು ಆರಾರು ಜೋಡಿಸೋ ಪದ್ಧತಿ ಬಂತು.

ನನ್ನ ಅಲ್ಟ್ರಾ 160ರ ಪೂರ್ತಿ ವೇಗ 1,280 ಮೆಗಾಬಿಟ್. ಅಂಥ ಡಬ್ಬಿ ಒಂಬತ್ತು ಬೇಕು. ಆ ಶನಿವಾರ ನಮ್ಮ ಹತ್ತಿರ ಇದ್ದದ್ದು ಒಂದು.